ಒಂದು ಪೌಂಡ್ ಧಾನ್ಯ ಸಾಕೆ?

ಧಾತು ಸಂವತ್ಸರದ ಬರ ಎಂದರೆ ಬಳ್ಳಾರಿ ಸೀಮೆಯ ಹಳಬರಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಎರೆ ಹೊಲಗಳು ಬಾಯಿಬಿಟ್ಟವು. ಮರುವರ್ಷ, ಈಶ್ವರ ಸಂವತ್ಸರದಲ್ಲಿ, ಹಸಿವಿನ ಬೆನ್ನಿಗೇ ಕಾಲರಾ ಬಂತು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಈ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಬರಪರಿಹಾರದ ಕಾಮಗಾರಿಗಳಿಗೆ ಜನ ಹಿಂಡುಹಿಂಡಾಗಿ ಬಂದರು. ಸರ್ಕಾರದ ಮುಂದಿದ್ದ ಪ್ರಶ್ನೆ ಕೇಳಲು ಸರಳವಾಗಿತ್ತು: ಬೆಳಗಿನಿಂದ ಸಂಜೆಯವರೆಗೆ ಕಲ್ಲು ಒಡೆದು ಮಣ್ಣು ಹೊರುವ ಒಬ್ಬ ಆಳು ಬದುಕಿರಲು ದಿನಕ್ಕೆ ಎಷ್ಟು ಧಾನ್ಯ ಬೇಕು?

ವೈಸ್‌ರಾಯ್ ಲಾರ್ಡ್ ಲಿಟ್ಟನ್‌ನ ಪ್ರತಿನಿಧಿಯಾಗಿ 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ ಇದಕ್ಕೆ ಒಂದು ಉತ್ತರ ಕೊಟ್ಟ. ಗಂಡಾಳಿಗೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಕೊಳ್ಳುವಷ್ಟು ಹಣ. ಉಪ್ಪು, ಮೆಣಸಿನಕಾಯಿ ಇತ್ಯಾದಿಗೆ ಮೇಲೆ ಅರ್ಧ ಆಣೆ. ಅದಕ್ಕೆ ಮುಂಚೆ ಮದ್ರಾಸ್ ಸರ್ಕಾರದ ಲೆಕ್ಕ ಒಂದೂವರೆ ಪೌಂಡ್ ಇತ್ತು. ಕಡಿಮೆ ಕೊಟ್ಟು ನೋಡೋಣ, ಜನ ಸೊರಗಿದ್ದು ಕಂಡರೆ ಹೆಚ್ಚಿಸಿದರಾಯಿತು ಎಂಬುದು ವಾದದ ಧಾಟಿ. ಇದನ್ನು ಬಲವಾಗಿ ವಿರೋಧಿಸಿದವನು ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಶ್. ದುಡಿಯುವ ದೇಹಕ್ಕೆ ಒಂದು ಪೌಂಡ್ ಸಾಲದು, ಒಂದೂವರೆ ಪೌಂಡಿನ ಜೊತೆಗೆ ಬೇಳೆ, ತರಕಾರಿಯೂ ಬೇಕು ಎಂದು ಆತ ಪಟ್ಟು ಹಿಡಿದ.

ಈ ಜಗಳವನ್ನು ಸಾಮಾನ್ಯವಾಗಿ ದಯೆ ಮತ್ತು ಜಿಪುಣತನದ ನಡುವಿನ ಜಗಳವೆಂದು ಹೇಳಲಾಗುತ್ತದೆ. ಅದು ಸುಳ್ಳಲ್ಲ. ಆದರೆ ಅದರೊಳಗೆ ಇನ್ನೊಂದು ಜಗಳವೂ ಇತ್ತು: ಒಂದು ಸಂಗತಿ ನಿಜವೋ ಅಲ್ಲವೋ ಎಂದು ತಿಳಿಯುವ ದಾರಿ ಯಾವುದು? ಯಾರನ್ನು ನೋಡಬೇಕು, ಎಷ್ಟು ಜನರನ್ನು, ಯಾವಾಗ, ಎಷ್ಟು ಸಲ, ಯಾರೊಡನೆ ಹೋಲಿಸಿ? ಸಮಾಜ ವಿಜ್ಞಾನಗಳಲ್ಲಿ ಇದಕ್ಕೆ ‘ಸಂಶೋಧನಾ ವಿನ್ಯಾಸ’ ಎಂಬ ತುಸು ಭಾರವಾದ ಹೆಸರಿದೆ. ಎಂ.ಎ. ತರಗತಿಯ ಪಠ್ಯದಲ್ಲಿ ಅದು ವಿವರಣಾತ್ಮಕ, ಪ್ರಾಯೋಗಿಕ, ತುಲನಾತ್ಮಕ, ದೀರ್ಘಾವಧಿ ಎಂಬ ವಿಧಗಳ ಪಟ್ಟಿಯಾಗಿ ಬರುತ್ತದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮಾರನೆಯ ದಿನ ಮರೆಯುತ್ತಾನೆ. ಬಳ್ಳಾರಿ ಜಿಲ್ಲೆಯ ಇನ್ನೂರು ವರ್ಷಗಳ ದಾಖಲೆಯಲ್ಲಿ ಆ ಪಟ್ಟಿಯ ಬಹುತೇಕ ಎಲ್ಲ ವಿಧಗಳೂ ಸಿಗುತ್ತವೆ. ಅವು ಪರೀಕ್ಷೆಗಾಗಿ ನಡೆದವಲ್ಲ. ಕೆಲವು ಹೊಟ್ಟೆಯನ್ನು, ಕೆಲವು ನೆಲವನ್ನು, ಕೆಲವು ಗಡಿಯನ್ನು ನಿರ್ಧರಿಸಿದವು.

ಎಣಿಸಿ ಬರೆಯುವುದು

ಮೊದಲನೆಯದು ಇದ್ದದ್ದನ್ನು ಇದ್ದಂತೆ ಅಳೆದು ಬರೆದಿಡುವ ವಿವರಣಾತ್ಮಕ ವಿನ್ಯಾಸ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೇರಿದಂತೆ ಒಂದು ದೊಡ್ಡ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ವೆಂದು ಹೆಸರಾದ ಈ ಸೀಮೆಗೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1802ರಿಂದ ಆತನ ಅಳತೆಗಾರರು 33 ಅಡಿ ಉದ್ದದ ಸರಪಳಿ ಹಿಡಿದು ಹೊಲಹೊಲ ಸುತ್ತಿದರು. 33 ಅಡಿ ಚೌಕವೆಂದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. (ಬಳ್ಳಾರಿ ಕಡೆಯ ರೈತರು ಮದ್ರಾಸಿನ ರೂಢಿಯಂತೆ ‘ಸೆಂಟ್ಸು’ ಎನ್ನುವುದು ಬೇರೆ ಮಾತು.) ಅಳತೆಯ ಹಿಂದೆಯೇ ಕಂದಾಯ ಗೊತ್ತುಮಾಡುವವರು ಬಂದು ಎರೆ, ಮಸಾರಿ, ತರಿ, ಖುಷ್ಕಿ ಎಂದು ನೆಲದ ಗುಣ ಗುರುತಿಸಿದರು.

ಈ ಸರ್ವೆ ‘ಏನಿದೆ’ ಎಂಬುದಕ್ಕೆ ಉತ್ತರ ಕೊಟ್ಟಿತು. ‘ಏಕೆ ಹೀಗಿದೆ’ ಎಂಬುದಕ್ಕೆ ಕೊಡಲಿಲ್ಲ. ಅದು ಅದರ ಕೆಲಸವೂ ಆಗಿರಲಿಲ್ಲ. ಆದರೂ ಅದು ಇಲ್ಲದೆ ಮುಂದಿನ ಯಾವ ವಾದವೂ ನಡೆಯುವಂತಿರಲಿಲ್ಲ. ಗೊತ್ತಾದ ಕಂದಾಯ ಹೆಚ್ಚಾಯಿತು, ಶೇಕಡ 25ರಷ್ಟು ಇಳಿಸಬೇಕು ಎಂದು 1807ರಲ್ಲಿ ಮನ್ರೋನೇ ಸರ್ಕಾರಕ್ಕೆ ಬರೆದಾಗ ಆತನ ಕೈಯಲ್ಲಿದ್ದದ್ದು ಇದೇ ಅಳತೆಯ ಪುಸ್ತಕಗಳು.

ಜನರನ್ನು ಎಣಿಸುವ ಕೆಲಸ ವ್ಯವಸ್ಥಿತವಾಗಿ ನಡೆದದ್ದು 1871ರಲ್ಲಿ. ಮದ್ರಾಸ್ ಪ್ರಾಂತ್ಯದ ಆ ಜನಗಣತಿಯ ವರದಿ ಬರೆದವನು ಬೇರೆ ಯಾರೂ ಅಲ್ಲ, ಇದೇ ಕಾರ್ನಿಶ್. ಗಣತಿಯೆಂದರೆ ಒಂದು ದಿನದ ಭಾವಚಿತ್ರ. ಆ ದಿನ ಜನ ಹೇಗಿದ್ದರೆಂದು ತಿಳಿಯುತ್ತದೆ. ಮೊದಲು ಹೇಗಿದ್ದರು, ನಂತರ ಏನಾದರು ಎಂದು ತಿಳಿಯುವುದಿಲ್ಲ. ಒಂದೇ ಜಾಗದ ಎರಡು ಭಾವಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಬದಲಾವಣೆ ಕಾಣುತ್ತದೆ. ಎರಡನೆಯ ಚಿತ್ರ ತೆಗೆಯುವ ಹೊತ್ತಿಗೆ ನಡುವೆ ಬರ ಬಂದು ಹೋಗಿತ್ತು.

ಹೋಲಿಕೆಯಿಲ್ಲದ ಪ್ರಯೋಗ

ಟೆಂಪಲ್ ಮಾಡಿದ್ದನ್ನು ಪ್ರಯೋಗವೆಂದು ಕರೆಯಬಹುದೇ? ಪ್ರಯೋಗಕ್ಕೆ ಕನಿಷ್ಠ ಎರಡು ಗುಂಪು ಬೇಕು. ಒಂದಕ್ಕೆ ಒಂದು ಪೌಂಡ್, ಇನ್ನೊಂದಕ್ಕೆ ಒಂದೂವರೆ. ಉಳಿದೆಲ್ಲ, ಎಂದರೆ ಕೆಲಸ, ವಯಸ್ಸು, ನೀರು, ಹವೆ, ಎರಡಕ್ಕೂ ಸಮ. ಆಗ ಮಾತ್ರ ಕೊನೆಯಲ್ಲಿ ಕಂಡ ವ್ಯತ್ಯಾಸ ಆ ಅರ್ಧ ಪೌಂಡಿನದೇ ಎನ್ನಲು ಆಧಾರವಿರುತ್ತದೆ. 1877ರಲ್ಲಿ ಹಾಗೆ ಆಗಲಿಲ್ಲ. ಹೊಸ ದರ ಬರದ ಜಿಲ್ಲೆಗಳಿಗೆಲ್ಲ ಒಂದೇ ಆದೇಶವಾಗಿ ಬಂತು. ಹೋಲಿಸಲು ಇನ್ನೊಂದು ಗುಂಪೇ ಉಳಿಯಲಿಲ್ಲ. ಅದೇ ತಿಂಗಳುಗಳಲ್ಲಿ ಧಾನ್ಯದ ಬೆಲೆ ಏರಿತು, ಕಾಲರಾ ಹಬ್ಬಿತು. ಸತ್ತವನು ಕಡಿಮೆ ಧಾನ್ಯದಿಂದ ಸತ್ತನೋ, ಕಾಲರಾದಿಂದಲೋ? ಕಾಲರಾ ಬಂದಾಗ ತಡೆದುಕೊಳ್ಳುವ ಶಕ್ತಿ ಕಡಿಮೆ ಧಾನ್ಯದಿಂದಲೇ ಹೋಗಿತ್ತೋ?

ಎರಡನೆಯ ದೋಷ ನೋಡುವ ಬಗೆಯಲ್ಲಿತ್ತು. ಕಾಮಗಾರಿಯ ಜಾಗಕ್ಕೆ ಹೋಗಿ ಕೆಲಸಗಾರರನ್ನು ಕಣ್ಣಳತೆಯಲ್ಲಿ ನೋಡಿ, ಜನ ಅಷ್ಟೇನೂ ಸೊರಗಿಲ್ಲ ಎಂದು ಬರೆಯುವುದು ಸುಲಭ. ಆದರೆ ಅಲ್ಲಿ ಕಾಣುವವರು ಯಾರು? ಇನ್ನೂ ನಿಲ್ಲಲು ಶಕ್ತಿ ಇದ್ದವರು. ಶಕ್ತಿ ಹೋದವರು ಗಂಜಿ ಕೇಂದ್ರಕ್ಕೆ ಹೋಗಿರುತ್ತಾರೆ, ಊರಿಗೆ ಮರಳಿರುತ್ತಾರೆ, ದಾರಿಯಲ್ಲಿ ಬಿದ್ದಿರುತ್ತಾರೆ. ಉಳಿದವರನ್ನು ಮಾತ್ರ ನೋಡಿ ಎಲ್ಲರೂ ಚೆನ್ನಾಗಿದ್ದಾರೆ ಎನ್ನುವ ಈ ತಪ್ಪು ಇಂದಿಗೂ ಎಷ್ಟೋ ಯೋಜನೆಗಳ ಮೌಲ್ಯಮಾಪನದಲ್ಲಿ ಹಾಗೆಯೇ ಕುಳಿತಿದೆ. ಸ್ವಸಹಾಯ ಸಂಘದ ಸಭೆಗೆ ಬಂದ ಮಹಿಳೆಯರನ್ನು ಮಾತ್ರ ಕೇಳಿ ಸಂಘ ಯಶಸ್ವಿಯೆಂದು ಬರೆದರೆ ಅದು ಇದೇ ಜಾತಿಯ ತಪ್ಪು. ಸಂಘ ಬಿಟ್ಟುಹೋದವರ ಮನೆಗೆ ಯಾರೂ ಹೋಗಿರುವುದಿಲ್ಲ.

ಟೆಂಪಲ್‌ಗೆ ಇನ್ನೊಂದು ಹೊರೆಯೂ ಇತ್ತು. 1873-74ರಲ್ಲಿ ಬಿಹಾರದ ಬರವನ್ನು ಆತ ಹಣ ಸುರಿದು ನಿಭಾಯಿಸಿದ್ದ. ಸಾವು ತಪ್ಪಿತ್ತು, ದುಂದುವೆಚ್ಚ ಮಾಡಿದನೆಂಬ ಟೀಕೆ ಬಂದಿತ್ತು. ಮದ್ರಾಸಿಗೆ ಬಂದದ್ದು ಖರ್ಚು ತಗ್ಗಿಸಲು. ಉತ್ತರ ಮೊದಲೇ ಗೊತ್ತಿದ್ದು ಪ್ರಶ್ನೆ ಕೇಳಿದರೆ ಪರೀಕ್ಷೆಗೆ ಅರ್ಥವಿಲ್ಲ. ಒಂದು ದರ ಸಾಕೋ ಸಾಲದೋ ಎಂದು ನಿರ್ಧರಿಸಲು ಏನು ಕಂಡರೆ ಸೋಲೆಂದು ಒಪ್ಪಬೇಕು ಎಂಬುದನ್ನು ಮುಂಚಿತವಾಗಿಯೇ ಬರೆದಿಡಬೇಕು. ‘ಸೊರಗಿದ್ದು ಕಂಡರೆ’ ಎಂಬ ಮಾತಿಗೆ ತೂಕವಿಲ್ಲ, ಅಳತೆಯಿಲ್ಲ. ಎಷ್ಟು ಸೊರಗಿದರೆ ಸೊರಗಿದಂತೆ?

ಕಾರ್ನಿಶ್‌ನ ದಾರಿ ಬೇರೆ. ಮದ್ರಾಸ್ ಪ್ರಾಂತ್ಯದ ಜನ ಏನು ತಿನ್ನುತ್ತಾರೆ ಎಂಬ ಬಗ್ಗೆ 1863ರಷ್ಟು ಹಿಂದೆಯೇ ವರದಿ ಸಿದ್ಧಪಡಿಸಿದ್ದವನು ಅವನು. ಜೈಲುಗಳ ಊಟದ ಲೆಕ್ಕ ಅವನಿಗೆ ಗೊತ್ತಿತ್ತು. ಜೈಲು ಒಂದು ರೀತಿಯಲ್ಲಿ ಸಹಜ ಪ್ರಯೋಗಶಾಲೆ: ಯಾರಿಗೆ ಎಷ್ಟು ಊಟ, ಎಷ್ಟು ಕೆಲಸ, ಎಷ್ಟು ಕಾಯಿಲೆ, ಎಲ್ಲ ದಾಖಲಾಗುತ್ತದೆ. ಸಂಶೋಧಕ ತಾನೇ ಏನನ್ನೂ ಹಂಚದೆ, ಆಗಲೇ ಬೇರೆ ಬೇರೆ ಸ್ಥಿತಿಯಲ್ಲಿರುವವರನ್ನು ಹೋಲಿಸುವ ಈ ಬಗೆಗೆ ಅರೆಪ್ರಾಯೋಗಿಕ ವಿನ್ಯಾಸ ಎನ್ನುವುದುಂಟು. ಕಣ್ಣಳತೆಯ ಬದಲು ಆತ ಕೇಳಿದ್ದು ಮರಣದ ಲೆಕ್ಕವನ್ನು.

ಈ ಲೆಕ್ಕಕ್ಕೂ ಆಕ್ಷೇಪ ಹೇಳಲು ಜಾಗವಿತ್ತು ಎಂಬುದನ್ನು ಒಪ್ಪಬೇಕು. ಪರಿಹಾರ ಶಿಬಿರಗಳಲ್ಲಿ ಸಾವು ಹೆಚ್ಚೆಂದರೆ, ಅಲ್ಲಿಗೆ ಬರುವವರೇ ಸಾಯುವ ಸ್ಥಿತಿಯಲ್ಲಿ ಬರುತ್ತಾರೆ ಎನ್ನಬಹುದು. ಆಸ್ಪತ್ರೆಯಲ್ಲಿ ಹೆಚ್ಚು ಜನ ಸಾಯುತ್ತಾರೆ, ಆದ್ದರಿಂದ ಆಸ್ಪತ್ರೆ ಅಪಾಯಕಾರಿ ಎಂದಂತೆ ಅದು. ಇಲ್ಲಿ ಅಂಕಿಗಳು ಮುಗಿಯುವ ಕಡೆ ಒಂದೊಂದೇ ದೇಹವನ್ನು ಆಳವಾಗಿ ನೋಡುವ ಕೆಲಸ ನೆರವಿಗೆ ಬಂತು. ಮದ್ರಾಸಿನ ರಾಯಪುರಂ ಶಿಬಿರದಲ್ಲಿ ಡಾ. ಅಲೆಗ್ಸಾಂಡರ್ ಪೋರ್ಟರ್ ಬರದಲ್ಲಿ ಸತ್ತವರ ಶವಪರೀಕ್ಷೆ ನಡೆಸಿದ. 1889ರಲ್ಲಿ ಅದು ಪುಸ್ತಕವಾಗಿ ಬಂತು. ದೀರ್ಘಕಾಲ ಅರೆಹೊಟ್ಟೆಯಲ್ಲಿದ್ದವರ ಜೀರ್ಣಾಂಗಗಳೇ ಸವೆದುಹೋಗಿರುತ್ತವೆ, ಒಂದು ಹಂತ ದಾಟಿದ ಮೇಲೆ ಊಟ ಕೊಟ್ಟರೂ ದೇಹ ಅದನ್ನು ಹಿಡಿದುಕೊಳ್ಳಲಾರದು. ಹೊರಗಣ್ಣಿಗೆ ‘ಸೊರಗಿದ್ದು’ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ ಎಂಬುದು ಇದರ ಅರ್ಥ. ‘ಕಡಿಮೆ ಕೊಟ್ಟು ನೋಡೋಣ’ ಎಂಬ ವಾದದ ಬುಡವೇ ಅಲ್ಲಿಗೆ ಕುಸಿಯುತ್ತದೆ.

ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಒಂದು ಪೌಂಡಿನ ದರವನ್ನು ಕೈಬಿಟ್ಟು ಕೂಲಿಯನ್ನು ಏರಿಸಿತು. ಆ ಹೊತ್ತಿನ ಕಾಗದಪತ್ರಗಳ ದೊಡ್ಡ ಭಾಗವನ್ನು ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲೇ ಎರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದ್ದರಿಂದ ಈ ವಾದವಿವಾದ ಇಂದಿಗೂ ಓದಲು ಸಿಗುತ್ತದೆ.

ಸತ್ತವರನ್ನು ಎಣಿಸುವ ಬಗೆ

ಎಷ್ಟು ಜನ ಸತ್ತರು? ಹಳ್ಳಿಯ ಕರಣಂ ಬರೆಯುತ್ತಿದ್ದ ಮರಣದ ಪುಸ್ತಕ ನಂಬುವಂತಿರಲಿಲ್ಲ. ಊರು ಬಿಟ್ಟು ದಾರಿಯಲ್ಲಿ ಸತ್ತವನು ಯಾವ ಊರಿನ ಪುಸ್ತಕಕ್ಕೂ ಸೇರುವುದಿಲ್ಲ. ಪುಸ್ತಕ ಬರೆಯುವವನೇ ಊರು ಬಿಟ್ಟಿದ್ದರೆ ಕೇಳುವುದೇ ಬೇಡ. ಪೂರ್ಣ ಗಣತಿಗೆ 1881ರವರೆಗೆ ಕಾಯಬೇಕಿತ್ತು. ಆದ್ದರಿಂದ 1878ರ ಮಾರ್ಚ್‌ನಲ್ಲಿ ಬರದ ಜಿಲ್ಲೆಗಳಲ್ಲಿ ಆಯ್ದ ತಾಲ್ಲೂಕುಗಳಲ್ಲಿ ಮಾತ್ರ ಒಂದು ಪರೀಕ್ಷಾ ಗಣತಿ ನಡೆಸಿ 1871ರ ಸಂಖ್ಯೆಯೊಡನೆ ಹೋಲಿಸಿ ನೋಡಿದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದಂತೆ ಇದು ಮಾದರಿ ಸಮೀಕ್ಷೆ. ಅಗುಳಿನ ಹೋಲಿಕೆಗೆ ಒಂದು ಷರತ್ತಿದೆ: ಪಾತ್ರೆಯನ್ನು ಚೆನ್ನಾಗಿ ತಿರುವಿರಬೇಕು. ಮೇಲಿನ ಅಗುಳು ಬೆಂದಿರಬಹುದು, ತಳದ್ದು ಸೀದಿರಬಹುದು. ಆಯ್ದ ತಾಲ್ಲೂಕು ಜಿಲ್ಲೆಯಲ್ಲೇ ಹೆಚ್ಚು ನೊಂದದ್ದಾದರೆ ಲೆಕ್ಕ ಏರುತ್ತದೆ, ಕಡಿಮೆ ನೊಂದದ್ದಾದರೆ ಇಳಿಯುತ್ತದೆ. ಯಾವ ಅಗುಳು ಎಂಬುದನ್ನು ಅಧಿಕಾರಿಯ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುವ ಶಾಸ್ತ್ರ ಬೆಳೆದದ್ದು 20ನೇ ಶತಮಾನದಲ್ಲಿ. ಪ್ರಯೋಗದ ವಿನ್ಯಾಸದ ಬಗ್ಗೆ ರೊನಾಲ್ಡ್ ಫಿಶರ್ ಅವರ ಪುಸ್ತಕ ಬಂದದ್ದು 1935ರಲ್ಲಿ, ಭಾರತದಲ್ಲಿ ಪಿ.ಸಿ. ಮಹಾಲನೋಬಿಸ್ ಅವರ ಪ್ರಯತ್ನದಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾದದ್ದು 1950ರಲ್ಲಿ.

1881ರ ಗಣತಿ ಬಂದಾಗ ಬಳ್ಳಾರಿ ಜಿಲ್ಲೆ ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿದ್ದು ಕಂಡಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆದರೆ ಈ ಇಳಿಕೆಯಷ್ಟೂ ಸಾವಲ್ಲ. ವಲಸೆ ಹೋದವರು ಅದರಲ್ಲಿದ್ದಾರೆ. ಬರದ ವರ್ಷಗಳಲ್ಲಿ ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಮಕ್ಕಳೂ ಇದ್ದಾರೆ. ಇನ್ನೊಂದು ದಿಕ್ಕಿನಿಂದ, ಬರ ಮುಗಿದ ಮೇಲೆ ಹುಟ್ಟಿದ ಕೂಸುಗಳು ಸತ್ತವರ ಸಂಖ್ಯೆಯನ್ನು ಭಾಗಶಃ ಮುಚ್ಚಿಹಾಕಿರುತ್ತವೆ.

ಇಲ್ಲಿ ಅಜಾಗರೂಕ ಓದುಗನಿಗೆ ಒಂದು ಹೊಂಡವಿದೆ. 1871ರ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 16 ಲಕ್ಷ ಮೀರಿತ್ತು. ನಂತರದ ಗೆಜೆಟಿಯರ್‌ಗಳು 1881ಕ್ಕೆ ಕೊಡುವ ಸಂಖ್ಯೆ 7 ಲಕ್ಷ ಚಿಲ್ಲರೆ. ಎರಡನ್ನೂ ನೇರವಾಗಿ ಹೋಲಿಸಿದವನು ಅರ್ಧಕ್ಕಿಂತ ಹೆಚ್ಚು ಜನ ಸತ್ತರೆಂದು ಗಾಬರಿಯಾಗುತ್ತಾನೆ. ನಿಜವೇನೆಂದರೆ, 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. ಆ ಹೊಸ ಗಡಿಯೊಳಗೆ ಲೆಕ್ಕ ಹಾಕಿದರೆ 1871ರಲ್ಲೂ ಇದ್ದದ್ದು ಸುಮಾರು 9 ಲಕ್ಷ. ಇಂದಿನ ಸಂಶೋಧಕನಿಗೂ ಈ ಹೊಂಡ ತಪ್ಪಿದ್ದಲ್ಲ. 2011ರ ಗಣತಿಯಲ್ಲಿ ಕುರುಗೋಡು ಬಳ್ಳಾರಿ ತಾಲ್ಲೂಕಿನ ಭಾಗ. 2017-18ರ ಹೊತ್ತಿಗೆ ಅದೇ ಒಂದು ತಾಲ್ಲೂಕು. 2021ರಲ್ಲಿ ಹೊಸಪೇಟೆ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ‘ಬಳ್ಳಾರಿ ಜಿಲ್ಲೆಯಲ್ಲಿ ಹತ್ತು ವರ್ಷದ ಬದಲಾವಣೆ’ ಎಂಬ ಶೀರ್ಷಿಕೆ ಕಂಡರೆ ಮೊದಲು ಕೇಳಬೇಕಾದ್ದು ಯಾವ ಬಳ್ಳಾರಿ ಎಂದು.

ತಾಲ್ಲೂಕೋ, ಜಿಲ್ಲೆಯೋ?

ಯಾವ ಘಟಕವನ್ನು ಹಿಡಿದು ಎಣಿಸಬೇಕು ಎಂಬ ಪ್ರಶ್ನೆ ಬಳ್ಳಾರಿಯ ಭವಿಷ್ಯವನ್ನೇ ಹಿಡಿದು ಅಲ್ಲಾಡಿಸಿದ್ದು ಭಾಷಾವಾರು ಪ್ರಾಂತ್ಯ ರಚನೆಯ ಕಾಲದಲ್ಲಿ. 1921ರಲ್ಲಿ ಕಾಂಗ್ರೆಸ್ಸಿನ ಪ್ರಾಂತೀಯ ಸಮಿತಿಗಳ ನಡುವೆ ಜಿಲ್ಲೆಯನ್ನು ಹಂಚಲು ಎನ್.ಸಿ. ಕೇಳ್ಕರ್ ಅವರು ತೀರ್ಪು ಕೊಡಬೇಕಾಯಿತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಅದೇ ಪ್ರಶ್ನೆ ಮರಳಿತು. ಇಡೀ ಜಿಲ್ಲೆಯನ್ನು ಒಂದೇ ಘಟಕವಾಗಿ ಹಿಡಿದರೆ ಒಂದು ಉತ್ತರ, ತಾಲ್ಲೂಕು ಹಿಡಿದರೆ ಇನ್ನೊಂದು, ಹಳ್ಳಿ ಹಿಡಿದರೆ ಮತ್ತೊಂದು. ತಾಲ್ಲೂಕು ಹಿಡಿದದ್ದರಿಂದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಕನ್ನಡ, ತೆಲುಗು ಬೆರೆತ ಬಳ್ಳಾರಿ ತಾಲ್ಲೂಕು ಮಾತ್ರ ಮಧ್ಯದಲ್ಲಿ ಉಳಿಯಿತು. ಅದಕ್ಕಾಗಿ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರ ಪ್ರತ್ಯೇಕ ವಿಚಾರಣೆ ನಡೆದು, ಅವರ ಶಿಫಾರಸಿನಂತೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡೇ ವರ್ಷದ ನಂತರ, 1955ರಲ್ಲಿ, ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಜನ ಅದೇ, ಗಣತಿ ಅದೇ. ಬದಲಾದದ್ದು ಪ್ರಶ್ನೆ. ಮಿಶ್ರ ಅವರ ಮುಂದೆ ಇದ್ದದ್ದು ಒಂದು ತಾಲ್ಲೂಕಿನ ಜನ ಯಾವ ಕಡೆಗೆ ಸೇರಬೇಕು ಎಂಬುದು. ಆಯೋಗ ತುಂಗಭದ್ರಾ ಯೋಜನೆಯ ಆಡಳಿತಕ್ಕೆ ಹೆಚ್ಚಿನ ತೂಕ ಕೊಟ್ಟಿತು. ಕನ್ನಡಿಗರ ಪ್ರತಿಭಟನೆಯ ನಂತರ ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಗಣತಿಯ ‘ಮಾತೃಭಾಷೆ’ ಎಂಬ ಒಂದು ಅಂಕಣಕ್ಕೂ ಮಿತಿಯಿದೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ನೆರೆಮನೆಯವರೊಡನೆ ಉರ್ದು ಆಡುವ ಬಳ್ಳಾರಿಯ ಮನುಷ್ಯ ಆ ಅಂಕಣದಲ್ಲಿ ಒಂದನ್ನೇ ಬರೆಸಬೇಕು. ಅವನು ಬರೆಸಿದ್ದು ಸುಳ್ಳಲ್ಲ, ಪೂರ್ತಿಯೂ ಅಲ್ಲ.

ನೀರಿದ್ದ ಊರು, ಇಲ್ಲದ ಊರು

ತುಂಗಭದ್ರೆ ಇಷ್ಟೆಲ್ಲ ಗಡಿಜಗಳಕ್ಕೆ ಕಾರಣವಾದದ್ದು ನೀರು ಬದುಕನ್ನು ಬದಲಿಸುತ್ತದೆ ಎಂಬ ನಂಬಿಕೆಯಿಂದ. ಬದಲಿಸುತ್ತದೆಯೇ, ಹೇಗೆ? ಕರ್ನಾಟಕದಲ್ಲಿ ಇದನ್ನು ಹೋಲಿಕೆಯ ಮೂಲಕ ನೋಡಿದ ಅಧ್ಯಯನಗಳಲ್ಲಿ ಹೆಸರಾದದ್ದು ಮಂಡ್ಯ ಕಡೆಯದು. ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು 1954ರಿಂದ 1956ರವರೆಗೆ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಒಂದಕ್ಕೆ ಬಂದಿತ್ತು, ಎತ್ತರದಲ್ಲಿದ್ದ ಇನ್ನೊಂದಕ್ಕೆ ಬಂದಿರಲಿಲ್ಲ. ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂದು ಮರೆಹೆಸರು ಕೊಟ್ಟರು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ಬೇರೆ. ನೀರು ಬಂದ ಊರಿನಲ್ಲಿ ಕಬ್ಬು ಬೆಳೆದು ಹಣ ಬಂತು. ಒಕ್ಕಲುತನ ಒಕ್ಕಲುತನವಾಗಿಯೇ ಉಳಿದದ್ದರಿಂದ ಜಾತಿ, ಒಡೆಯ-ಆಳುಗಳ ಹಳೆಯ ಸಂಬಂಧಗಳು ಹೆಚ್ಚು ಅಲುಗಲಿಲ್ಲ. ನೀರಿಲ್ಲದ ಊರಿನವರು ಮಂಡ್ಯ ಪೇಟೆಯಲ್ಲಿ ಕೆಲಸ, ವ್ಯಾಪಾರ ಹುಡುಕಿಕೊಂಡು ಹೊರಟರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ. 1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಅದೇ ಊರುಗಳಿಗೆ ಮರಳಿ ಬಂದು ನೋಡಿದರು. ಹೋಲಿಕೆಯೊಂದು ದೀರ್ಘಾವಧಿ ಅಧ್ಯಯನವೂ ಆದದ್ದು ಹೀಗೆ.

ಸಿರುಗುಪ್ಪ ಮತ್ತು ಕುರುಗೋಡನ್ನು ಹಾಗೆ ಹೋಲಿಸಬಹುದೇ? ಮೇಲುನೋಟಕ್ಕೆ ಆಸೆ ಹುಟ್ಟುವಂತಿದೆ. ಸಿರುಗುಪ್ಪಕ್ಕೆ ವಿಜಯನಗರದ ಕಾಲದಿಂದ ನದಿ ಕಾಲುವೆಯಿದೆ, ಅಲ್ಲಿನ ಭತ್ತ, ಅಕ್ಕಿ ಗಿರಣಿಗಳು ಹೆಸರಾದವು. ಕುರುಗೋಡು ಸಿಂದರ ರಾಜಧಾನಿಯಾಗಿದ್ದ, ದೊಡ್ಡಬಸವೇಶ್ವರನ ಊರು, ನದಿಯ ಅಂಚಿನಲ್ಲಿಲ್ಲ. ಆದರೆ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಬಂದ ಮೇಲೆ ಕುರುಗೋಡನ್ನು ಒಣ ಊರೆಂದು ಕರೆಯಲಾಗದು. ನೀರಿನ ಜೊತೆಗೆ ಉಳಿದದ್ದೂ ಬೇರೆ: ಬಳ್ಳಾರಿ ಪೇಟೆ ಕುರುಗೋಡಿಗೆ ಹೆಚ್ಚು ಹತ್ತಿರ, ನೆಲದ ಗುಣ ಬೇರೆ, ಜನರ ರಚನೆ ಬೇರೆ. ವ್ಯತ್ಯಾಸ ಕಂಡರೆ ಅದು ನೀರಿನದೋ, ಪೇಟೆಯದೋ ಎಂದು ಬಿಡಿಸುವುದು ಕಷ್ಟ. ಇಡೀ ತಾಲ್ಲೂಕುಗಳನ್ನು ಎದುರುಬದುರು ನಿಲ್ಲಿಸುವ ಬದಲು ಒಂದೇ ಕಾಲುವೆಯ ಮೇಲುಭಾಗದ ಮತ್ತು ಕೊನೆಭಾಗದ ಹಳ್ಳಿಗಳನ್ನು ಹಿಡಿಯುವುದು ಜಾಣತನ. ರಾಬರ್ಟ್ ವೇಡ್ ಅವರು ಪಕ್ಕದ ಕರ್ನೂಲು ಜಿಲ್ಲೆಯಲ್ಲಿ ಮಾಡಿದ್ದು ಇದನ್ನೇ. ನಾಲೆಯಡಿಯ 31 ಹಳ್ಳಿಗಳನ್ನು ನೋಡಿ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ತೋರಿಸಿದ್ದು: ಊರವರೇ ಸೇರಿ ನೀರುಗಂಟಿಗಳನ್ನು, ಹೊಲ ಕಾಯುವವರನ್ನು ನೇಮಿಸಿಕೊಳ್ಳುವ ರೂಢಿ ನೀರು ಧಾರಾಳವಿದ್ದ ಮೇಲುಭಾಗದಲ್ಲಲ್ಲ, ನೀರು ತಲುಪುವುದೇ ಅನುಮಾನವಾದ ಕೊನೆಭಾಗದಲ್ಲಿ ಹೆಚ್ಚು. ಬಳ್ಳಾರಿಯಲ್ಲಿ 2010ರಲ್ಲಿ ವಿಶ್ವವಿದ್ಯಾಲಯವೇ ಆರಂಭವಾಗಿರುವುದರಿಂದ ಇಂಥದ್ದೊಂದು ಕೆಲಸಕ್ಕೆ ದೂರದವರನ್ನು ಕಾಯಬೇಕಿಲ್ಲ.

ಒಂದೇ ಊರಿನಲ್ಲಿ ಬಹುಕಾಲ ಇದ್ದು ನೋಡುವ ದಾರಿಯನ್ನೂ ಕಡೆಗಣಿಸುವಂತಿಲ್ಲ. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ ಹಾಗೆ ಇದ್ದರು. ಪ್ರಶ್ನಾವಳಿಗೆ ಸಿಗದ ಮಾತು ಜಗಲಿಯ ಮೇಲೆ ಸಿಗುತ್ತದೆ. 1970ರಲ್ಲಿ ಅಮೆರಿಕದಲ್ಲಿ ಅವರ ವಿಂಗಡಿಸಿದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಒಂದು ಊರಿನಿಂದ ಎಲ್ಲ ಊರಿನ ಬಗ್ಗೆ ಹೇಳಲಾಗದು ಎಂಬ ಆಕ್ಷೇಪ ಇದ್ದೇ ಇದೆ. ಆದರೆ ಎಲ್ಲ ಊರಿಗೂ ಏನು ಕೇಳಬೇಕೆಂದು ಗೊತ್ತಾಗುವುದು ಇಂಥ ಒಂದು ಊರಿನಿಂದ.

ಇನ್ನು ಹೊಟ್ಟೆಯ ಲೆಕ್ಕಕ್ಕೇ ಮರಳಿದರೆ, ವಿನ್ಯಾಸದ ಪ್ರಶ್ನೆ ಇಂದು ರೈತನ ಹೊಲಕ್ಕೇ ಬರುತ್ತದೆ. ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗ ಒಂದು ಮಾದರಿ ಸಮೀಕ್ಷೆಯೇ. ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಹೊಲ. ಯಾವ ಸರ್ವೆ ನಂಬರು ಎಂಬುದನ್ನು ಯಾದೃಚ್ಛಿಕ ಸಂಖ್ಯೆ ಹೇಳುತ್ತದೆ. ಹೊಲದ ನೈರುತ್ಯ ಮೂಲೆಯಿಂದ ಗೊತ್ತಾದಷ್ಟು ದೂರ ನಡೆದು ಗೂಟ ಹೊಡೆಯಬೇಕು. ಭತ್ತ, ಜೋಳದಂಥ ಬೆಳೆಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಿ, ಒಳಗಿದ್ದದ್ದನ್ನು ಕೊಯ್ದು, ಬಡಿದು, ತೂಗುತ್ತಾರೆ. ಆ ತೂಕದ ಸರಾಸರಿ ನಿಗದಿತ ಇಳುವರಿಗಿಂತ ಕೆಳಗಿಳಿದರೆ ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದವರಿಗೆಲ್ಲ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. ರಸ್ತೆ ಪಕ್ಕದ ಹೊಲ ಅಧಿಕಾರಿಗೆ ಸುಲಭ, ಅದಕ್ಕೆ ನೀರೂ ಚೆನ್ನಾಗಿ ಸಿಕ್ಕಿರುತ್ತದೆ. ಸಂಖ್ಯೆ ಬಿದ್ದದ್ದು ಕಾಲುವೆಯ ಕೊನೆಯಲ್ಲಿ, ಎರಡು ಮೈಲಿ ಕೆಸರು ದಾಟಿ ಸಿಗುವ ಹೊಲಕ್ಕಾದರೆ, ಗೂಟ ಅಲ್ಲಿಯೇ ಹೊಡೆಯಬೇಕು. ಹೊಡೆದರೋ ಇಲ್ಲವೋ ಎಂದು ನೋಡಲು ಆ ಪಂಚಾಯಿತಿಯ ರೈತರೂ ಹೋಗಿ ನಿಲ್ಲಬಹುದು.